ಸ್ಟರ್ಟ್ಸ್ ಡೆಸರ್ಟ್ ಪೀ ಬೀಜ ಹಾಕೋರಿಗೆ
ಅಡಿಲೇಡ್ ಕಡೆ ಇರೋರು ಈ ಹೂಗಿಡಾನ ಕುಂಡದಲ್ಲಿ ಹಾಕ್ಬೇಕು ಅಂತಿದ್ರೆ ಸೆಪ್ಟೆಂಬರ್ ಒಳ್ಳೆ ಟೈಮು. ಅದೇ ಕೆಂಪು ಹೂವು, ನಡುವೆ ಕಪ್ಪಗೆ ಉಬ್ಬಿರೋ ಕಣ್ಣು, 1961ರಿಂದ ಸೌತ್ ಆಸ್ಟ್ರೇಲಿಯಾದ ರಾಜ್ಯಪುಷ್ಪ. ನಮ್ಮ ಅವರೆ ಅಲಸಂದೆ ಕುಟುಂಬದ್ದೇ ಆದ್ರೂ ಬೀಜದ ಸಿಪ್ಪೆ ಮಾತ್ರ ಕಲ್ಲು, ಹಾಗೇ ಹಾಕಿದ್ರೆ ತಿಂಗಳಾದ್ರೂ ಅಲ್ಲಾಡಲ್ಲ. ಸ್ಯಾಂಡ್‌ಪೇಪರ್ ಮೇಲೆ ಮೆಲ್ಲಗೆ ಉಜ್ಜಿ ಇಲ್ಲಾ ನೇಲ್ ಕಟರಲ್ಲಿ ಒಂಚೂರು ಗೀರಿ (ಬೀಜದ ಕಣ್ಣಿರೋ ಕಡೆ ಬೇಡ, ಅದರ ಎದುರು ಕಡೆ) ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಊದಿರೋದನ್ನ ಮಾತ್ರ ಆರಿಸ್ಕೊಂಡು ನೇರವಾಗಿ ಕೊನೇವರೆಗೂ ಇರೋ ಕುಂಡಕ್ಕೇ ಹಾಕಿ. ಬೇರು ಅಲ್ಲಾಡಿಸಿದ್ರೆ ಮುನಿಸ್ಕೊಳ್ಳತ್ತೆ, ಕಿತ್ತು ನೆಡೋದೆಲ್ಲ ಆಗಲ್ಲ. ಕುಂಡ ಆಳವಾಗಿರ್ಲಿ, ಮರಳು ಜಾಸ್ತಿ ಇರ್ಲಿ, ದಿನವಿಡೀ ಬಿಸಿಲು ಬೇಕು. ನೀರು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ, ಎಲೆ ಮೇಲೆ ರೋಮ ಇರೋದ್ರಿಂದ ಒದ್ದೆ ನಿಂತ್ರೆ ಕೊಳೆಯತ್ತೆ. ಗೊಬ್ಬರದ ಪ್ರೀತಿ ಇಲ್ಲಿ ತೋರಿಸ್ಬೇಡಿ, ಫಾಸ್ಫರಸ್ ಜಾಸ್ತಿ ಇರೋದಂತೂ ಬೇಡ್ವೇ ಬೇಡ. ಎಳೆ ಸಸಿಗೆ ಬಸವನಹುಳ ಬೀಳತ್ತೆ, ರಾತ್ರಿ ಟಾರ್ಚ್ ಹಿಡ್ಕೊಂಡು ಒಂದ್ಸಲ ನೋಡಿ. ಮತ್ತೆ ಔಟ್‌ಬ್ಯಾಕ್ (ಆಸ್ಟ್ರೇಲಿಯಾದ ಒಳನಾಡಿನ ಬಯಲು) ಟ್ರಿಪ್ ಹೋದಾಗ ದಾರೀಲಿ ಕಂಡ್ರೆ ಕೀಳಬೇಡಿ, ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ, ಬೀಜ ನರ್ಸರಿಲೇ ಸಿಗತ್ತೆ.