ಗೇರ್‌ಬಾಕ್ಸ್ ಬಿಚ್ಚದೆ ಗೇರ್ ಸರಿಮಾಡಿದ್ದು: ನನ್ನ 1973ರ ಫೋಕ್ಸ್‌ವ್ಯಾಗನ್ ಕ್ಯಾಂಪರ್

ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಗೇರ್‌ಬಾಕ್ಸ್ ಹೋಗಿದೆ, ಬೇರೆ ಹಾಕಿಸಿ. ನಾನು ಹಾಕಿಸಲಿಲ್ಲ. ಬಿಚ್ಚಲೂ ಇಲ್ಲ. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನ ಬೇಸಿಗೆ ಟ್ರಾಫಿಕ್‌ನಲ್ಲಿ ಇಂಜಿನ್ ಕಾದು ಕೆಂಡವಾಗಿದ್ದರೂ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಬ್ಲ್ಯಾಕ್ ಫಾರೆಸ್ಟ್ ಇಳಿಜಾರಿನಲ್ಲಿ ನಾಲ್ಕನೇ ಗೇರ್ ಹಾರುವುದಿಲ್ಲ. ನಿಧಾನವಾಗಿ ಹಾಕಿದರೆ ಎರಡನೇ ಗೇರ್ ಬೆಳಗಿನ ಚಳಿಯಲ್ಲೂ ಕರಕರ ಅನ್ನುವುದಿಲ್ಲ. ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಟಿ2 (ಈ ವ್ಯಾನಿನ ಮಾದರಿ) ಇಟ್ಟುಕೊಂಡವರಿಗೆ ಜ್ಯಾಕ್ ಎಲ್ಲಿ ಕೊಡಬೇಕು, 17ರ ಅಲೆನ್ ಕೀ ಯಾಕೆ ಬೇಕು ಅನ್ನೋದು ಗೊತ್ತೇ ಇರುತ್ತದೆ. ಅದನ್ನೆಲ್ಲ ಬಿಡುತ್ತೇನೆ.

ವ್ಯಾನ್ ಇದು: 1973ರ ಟಿ2, ವೆಸ್ಟ್‌ಫಾಲಿಯಾ ಕಂಪನಿ ಮಲಗಲು, ಅಡುಗೆಗೆ ಸಜ್ಜು ಮಾಡಿದ ಕ್ಯಾಂಪರ್, 1600 ಸಿಸಿ, 50 ಪಿಎಸ್ (ಅಶ್ವಶಕ್ತಿ) ಇಂಜಿನ್, ನಾಲ್ಕು ಗೇರ್, 200 ಮಿ.ಮೀ. ಕ್ಲಚ್. ಅಡುಗೆ ಒಲೆ, ನೀರಿನ ಟ್ಯಾಂಕ್, ಮೇಲಿನ ಟೆಂಟ್ ಎಲ್ಲಾ ಸೇರಿ ಭಾರ ಜಾಸ್ತಿ. ಹೀಗಾಗಿ ಕ್ಲಚ್ಚಿಗೂ ಗೇರಿಗೂ ಕೆಲಸ ಜಾಸ್ತಿ.

ತೊಂದರೆ ಮೂರು ಥರ ಇತ್ತು. ಬಿಸಿಯಾದ ಮೇಲೆ ರಿವರ್ಸ್ ಹಾಕಿದರೆ ಹಲ್ಲು ಕಡಿಯುವ ಸದ್ದು, ಒಂದನೇ ಗೇರೂ ಒತ್ತಿ ಹಾಕಬೇಕು. ತಣ್ಣಗಿದ್ದಾಗ ಎರಡನೇ ಗೇರಿಗೆ ಇಳಿಸಿದರೆ ಕರಕರ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ನಾಲ್ಕನೇ ಗೇರ್ ಹೊರಗೆ ಹಾರುತ್ತಿತ್ತು. ಮೂರೂ ಒಟ್ಟಿಗೆ ಇದ್ದರೆ ಯಾರಿಗಾದರೂ ಗೇರ್‌ಬಾಕ್ಸ್ ಮೇಲೆಯೇ ಅನುಮಾನ ಬರುತ್ತೆ, ಅಲ್ವಾ? ಹಳೇ ಗಾಡಿಗಳ ಒಂದು ಗ್ಯಾರೇಜ್ ಹೊಸದಾಗಿ ಕಟ್ಟಿದ ಗೇರ್‌ಬಾಕ್ಸು, ಕ್ಲಚ್ಚು, ಕೂಲಿ ಎಲ್ಲಾ ಸೇರಿ 2,800 ಯೂರೋ ಹತ್ತಿರ ಹೇಳಿತು. ಮ್ಯಾನ್‌ಹೈಮ್‌ನಲ್ಲಿರುವ ದಾವಣಗೆರೆ ಹುಡುಗನ ಹತ್ತಿರವೂ ಇದೇ ವ್ಯಾನ್ ಇದೆ. ಅವನೂ, "ಅಣ್ಣಾ, ಸುಮ್ನೆ ದುಡ್ಡು ಕೊಟ್ಟು ಹಾಕಿಸ್ಕೊಂಡ್ಬಿಡಿ, ವೀಕೆಂಡೆಲ್ಲ ವ್ಯಾನ್ ಕೆಳಗೇ ಕಳೀತೀರಾ" ಅಂದ. ತಿಪಟೂರಿನಲ್ಲಿ ಗ್ಯಾರೇಜ್ ನಡೆಸಿದ ನನ್ನ ಚಿಕ್ಕಪ್ಪ ಮಾತ್ರ ಫೋನಿನಲ್ಲಿ ಬೇರೆ ಹೇಳಿದರು: "ಮೊದ್ಲು ಹೊರಗಡೆ ಇರೋದನ್ನ ಅಳತೆ ಮಾಡು ಮಗಾ. ಒಳಗಡೆದು ಎಲ್ಲೂ ಓಡಿಹೋಗಲ್ಲ."

ಇಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿದೆ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಬಿದ್ದವು. ಇಂಜಿನ್ ಆನ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್ ಹಾಕಿದೆ: ಕರ್ರ್. ರಿವರ್ಸ್‌ಗೆ ಸಿಂಕ್ರೋ (ಹಲ್ಲು ಕೂಡುವ ಮೊದಲು ವೇಗ ಸಮ ಮಾಡುವ ರಿಂಗ್) ಇಲ್ಲ. ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಕ್ಲಚ್ ಒತ್ತಿದ ಮೇಲೂ ಇನ್‌ಪುಟ್ ಶಾಫ್ಟ್ (ಇಂಜಿನ್ನಿನ ತಿರುಗನ್ನು ಗೇರ್‌ಬಾಕ್ಸಿಗೆ ತರುವ ಶಾಫ್ಟ್) ತಿರುಗುತ್ತಿದೆ ಅಂತ ಅಲ್ಲೇ ಗೊತ್ತಾಯಿತು. ಒಮ್ಮೆ ಒಂದನೇ ಗೇರ್ ಹಾಕಿ ತಕ್ಷಣ ರಿವರ್ಸ್‌ಗೆ ಎಳೆದರೆ ಸದ್ದಿಲ್ಲ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸದ್ದು. ಒಂದನೇ ಗೇರಿನ ಸಿಂಕ್ರೋ ಶಾಫ್ಟನ್ನು ನಿಲ್ಲಿಸುತ್ತಿತ್ತು, ಬಿಟ್ಟ ತಕ್ಷಣ ಯಾವುದೋ ಒಂದು ಅದನ್ನು ಮತ್ತೆ ತಿರುಗಿಸುತ್ತಿತ್ತು. ಆ ಒಂದು ಯಾವುದು ಅನ್ನುವುದೇ ಪ್ರಶ್ನೆ.

ಕ್ಲಚ್ ಪೂರ್ತಿ ಬಿಡುತ್ತಾ ಅಂತ ಎಲ್ಲರೂ ಪೆಡಲ್ ಹತ್ತಿರ ಅಳೆಯುತ್ತಾರೆ. ಪೆಡಲ್ ಆಟ (ಕ್ಲಚ್ ಒತ್ತಲು ಶುರುವಾಗುವ ಮೊದಲು ಪೆಡಲ್ ಖಾಲಿ ಹೋಗುವ ದೂರ) 10ರಿಂದ 20 ಮಿ.ಮೀ. ಇದ್ದರೆ ಕ್ಲಚ್ ಸರಿ ಇದೆ ಅಂತ ಬಿಟ್ಟುಬಿಡುತ್ತಾರೆ. ನನ್ನದೂ ಅಷ್ಟೇ ಇತ್ತು. ಆದರೆ ಪೆಡಲ್ಲಿಗೂ ಕ್ಲಚ್ಚಿಗೂ ನಡುವೆ ಮೂರು ಮೀಟರ್‌ಗಿಂತ ಉದ್ದದ ಕೇಬಲ್, ಪೈಪು, ಬೌಡನ್ ಟ್ಯೂಬ್ (ಕೇಬಲ್ಲಿನ ತುದಿಯ ಬಾಗುವ ಕವಚ), ಪಿನ್ನು ಎಲ್ಲಾ ಇವೆ. ದಾರಿಯಲ್ಲಿ ಯಾರು ಎಷ್ಟು ನುಂಗುತ್ತಾರೆ ಅಂತ ಪೆಡಲ್ ಹೇಳುವುದಿಲ್ಲ. ಅಳತೆ ಮಾಡಬೇಕಾದ್ದು ಗೇರ್‌ಬಾಕ್ಸ್ ಪಕ್ಕದ ಕ್ಲಚ್ ಲಿವರ್ ಹತ್ತಿರ, ಕೇಬಲ್ ಬಿಗಿಮಾಡುವ ವಿಂಗ್ ನಟ್ ಇರುವ ಕಡೆ. ನಾನು ಲಿವರ್ ಪಕ್ಕ ಒಂದು ಸ್ಟೀಲ್ ಸ್ಕೇಲ್ ಕಟ್ಟಿ ಕೆಳಗೆ ಮಲಗಿದೆ, ಹೆಂಡತಿ ಮೇಲೆ ಕೂತು ಪೆಡಲ್ ಒತ್ತಿದಳು. "ರೀ, ಇನ್ನೂ ಎಷ್ಟು ಸಲ?" ಅಂತ ಕೇಳುವ ತನಕ ಒತ್ತಿಸಿದೆ. ಲಿವರ್ 15 ಮಿ.ಮೀ. ಆಸುಪಾಸು ಆಡುತ್ತಿತ್ತು. ಪೆಡಲ್ ಆಡುವ ದೂರಕ್ಕೆ ಹೋಲಿಸಿದರೆ ಇದು ತೀರಾ ಕಡಿಮೆ.

ಮೊದಲು ಹೊಸ ಕೇಬಲ್ ಹಾಕಿದೆ. ಪ್ರಯೋಜನವಿಲ್ಲ. ಬೌಡನ್ ಟ್ಯೂಬ್ ಬದಲಾಯಿಸಿದೆ, ಅದರ ಬಾಗು ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ನಡುವೆ ಬರುವ ಹಾಗೆ ವಾಷರ್ ಸೇರಿಸಿದೆ. ಪೆಡಲ್ ಹಗುರಾಯಿತು, ಲಿವರ್ ಆಟ ಹೆಚ್ಚಲಿಲ್ಲ. ಪೆಡಲ್ ಹತ್ತಿರದ ಕ್ಲೆವಿಸ್ ಪಿನ್ ಅರ್ಧ ತೇದುಹೋಗಿತ್ತು, ಅದನ್ನೂ ಬದಲಾಯಿಸಿದೆ. ಒಂದೆರಡು ಮಿ.ಮೀ. ಸಿಕ್ಕಿತು, ಅಷ್ಟೇ. ಇಷ್ಟು ಹೊತ್ತಿಗೆ ಮ್ಯಾನ್‌ಹೈಮ್ ಹುಡುಗ ದಿನಾ ಮೆಸೇಜ್ ಮಾಡುತ್ತಿದ್ದ: "ಏನಾಯ್ತಣ್ಣಾ, ಗೇರ್‌ಬಾಕ್ಸ್ ಆರ್ಡರ್ ಮಾಡಿದ್ರಾ?"

ಕೊನೆಗೆ ಸಿಕ್ಕಿದ್ದು ಕೈಗೆ, ಕಣ್ಣಿಗಲ್ಲ. ಚಾಸಿಯ ಅಡಿಯಲ್ಲಿ ಕೇಬಲ್ ಹೋಗುವ ಕಬ್ಬಿಣದ ಪೈಪಿನ ಹಿಂದಿನ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ಪೆಡಲ್ ಒತ್ತಿಸಿದೆ. ಪೈಪೇ ಮುಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು! ಬ್ರಾಕೆಟ್ಟಿನ ವೆಲ್ಡಿಂಗ್ ಬಿಟ್ಟಿತ್ತು. ಮೇಲೆ ದಪ್ಪಗೆ ಕಪ್ಪು ಟಾರ್ ಪೇಂಟ್ ಹೊಡೆದಿದ್ದರಿಂದ ಬಿರುಕು ಕಾಣುತ್ತಲೇ ಇರಲಿಲ್ಲ. ಬ್ಯಾಟರಿ ಕಳಚಿ, ಪೈಪಿನೊಳಗಿನ ಕೇಬಲ್ ಹೊರಗೆ ತೆಗೆದು, ಪೇಂಟ್ ಕೆರೆದು ವೆಲ್ಡಿಂಗ್ ಮಾಡಿಸಿದೆ. 40 ಯೂರೋ. ಲಿವರ್ ಆಟ 22-23 ಮಿ.ಮೀ. ಗೆ ಏರಿತು. ತಣ್ಣಗಿದ್ದಾಗ ರಿವರ್ಸ್ ಸದ್ದಿಲ್ಲದೆ ಬಿತ್ತು.

ಆದರೆ ಬಿಸಿಯಾದ ಮೇಲೆ ಮತ್ತೆ ಅದೇ ಕರ್ರ್. ಇಲ್ಲೇ ಜಾಸ್ತಿ ಜನ ಸೋತು ಗೇರ್‌ಬಾಕ್ಸ್ ಇಳಿಸುತ್ತಾರೆ. ನಾನು ಮಾಡಿದ ಪರೀಕ್ಷೆ ಹೀಗೆ. ಗಾಡಿ ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಇಂಜಿನ್ ಆಫ್ ಮಾಡಿ, ವಿಂಗ್ ನಟ್ ಬಿಗಿದು ಪೆಡಲ್ ಆಟ ಪೂರ್ತಿ ಸೊನ್ನೆ ಮಾಡಿದೆ. ಅಂದರೆ ಕ್ಲಚ್ ಎಷ್ಟು ಬಿಡಬಹುದೋ ಅಷ್ಟೂ ಬಿಡಲಿ ಅಂತ. ಹೀಗೆ ಬಿಗಿದು ಗಾಡಿ ಓಡಿಸಬೇಡಿ, ರಿಲೀಸ್ ಬೇರಿಂಗ್ (ಕ್ಲಚ್ ಒತ್ತಿ ಬಿಡಿಸುವ ಬೇರಿಂಗ್) ಸುಡುತ್ತೆ. ನಿಂತಲ್ಲೇ ರಿವರ್ಸ್ ಹಾಕಿ ನೋಡಲಿಕ್ಕೆ ಮಾತ್ರ. ಹೀಗೆ ಲಿವರ್ ಆಟ ಹೆಚ್ಚಾದಾಗ ಸದ್ದು ಹೋದರೆ ಕ್ಲಚ್ ಪ್ಲೇಟ್ ಸೊಟ್ಟಗಾಗಿದೆ ಅಥವಾ ಲಿವರ್ ಆಟ ಇನ್ನೂ ಸಾಲದು. ಸದ್ದು ಹಾಗೇ ಇದ್ದರೆ ಕ್ಲಚ್ ಬಿಟ್ಟಿದೆ, ಆದರೂ ಶಾಫ್ಟನ್ನು ಬೇರೇನೋ ಎಳೆದು ತಿರುಗಿಸುತ್ತಿದೆ. ನನ್ನ ವ್ಯಾನಿನಲ್ಲಿ ಸದ್ದು ಸ್ವಲ್ಪವೂ ಕಡಿಮೆಯಾಗಲಿಲ್ಲ. ಆಗ ಉಳಿದದ್ದು ಎರಡೇ: ಶಾಫ್ಟಿನ ಹಲ್ಲುಗಳ ಮೇಲೆ ಪ್ಲೇಟ್ ಅಂಟಿಕೊಂಡಿರಬೇಕು, ಇಲ್ಲ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್. ಬಿಸಿಯಾದಾಗ ಮಾತ್ರ ಬರುವುದರಿಂದ ಪೈಲಟ್ ಬೇರಿಂಗ್ ಅಂತ ನಾನು ಇಂಜಿನ್ ಇಳಿಸುವ ಮೊದಲೇ ಮನೆಯಲ್ಲಿ ಹೇಳಿದ್ದೆ.

ಗಂಟೆ ಲೆಕ್ಕದಲ್ಲಿ ಗಾಡಿ ಎತ್ತುವ ಲಿಫ್ಟ್ ಬಾಡಿಗೆಗೆ ಕೊಡುವ ಗ್ಯಾರೇಜ್‌ಗಳು ಜರ್ಮನಿಯಲ್ಲಿ ಬೇಕಾದಷ್ಟಿವೆ. ಅಲ್ಲಿ ಇಂಜಿನ್ ಇಳಿಸಿದೆ. ನಮ್ಮ 1600 ಇಂಜಿನ್‌ನಲ್ಲಿ ಈ ಸೂಜಿ ಬೇರಿಂಗ್ ಫ್ಲೈವೀಲ್ (ಇಂಜಿನ್ ತುದಿಯ ಭಾರದ ಚಕ್ರ) ಹಿಡಿದಿರುವ ಗ್ಲ್ಯಾಂಡ್ ನಟ್ಟಿನ ಒಳಗೇ ಕೂತಿರುತ್ತದೆ, ನಿಮಗೆ ಗೊತ್ತು. ಒಳಗೆ ಗ್ರೀಸ್ ಒಂದು ಚೂರೂ ಇರಲಿಲ್ಲ. ಕಂದು ಪುಡಿ, ಒಂದೆರಡು ಸೂಜಿ ಮುರಿದು ಅಡ್ಡ ಬಿದ್ದಿದ್ದವು. ಶಾಫ್ಟಿನ ಮೂಗು ಸ್ವಲ್ಪ ನೀಲಿಗೆ ತಿರುಗಿತ್ತು, ಆದರೆ ಉಗುರಿಗೆ ಸಿಗುವಂಥ ಗೀರು ಇರಲಿಲ್ಲ. ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ ಹಾಗೇ ಉಳಿಸಿಕೊಂಡೆ. ಹತ್ತು ಹದಿನೈದು ಯೂರೋದ ನಟ್ಟು. ಅದಕ್ಕಾಗಿ 2,800 ಕೇಳಿದ್ದರು!

ಇಂಜಿನ್ ಇಳಿಸಿದ ಮೇಲೆ ಕ್ಲಚ್ ಬದಲಾಯಿಸದೆ ಬಿಡುವುದು ದಡ್ಡತನ. ಕಿಟ್ ತರಿಸಿದೆ, 170 ಯೂರೋ ಇರಬೇಕು. ಬಂದ ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಭಾಗ) ನಡುವೆ ಬಳೆ ಇತ್ತು. ಅದು ಹಳೇ ಮಾಡೆಲ್‌ನದು. ನಮ್ಮ ಗೇರ್‌ಬಾಕ್ಸ್‌ಗೆ ರಿಲೀಸ್ ಬೇರಿಂಗ್ ಜಾರುವ ಗೈಡ್ ಟ್ಯೂಬ್ ಇರುತ್ತದೆ. ಗೈಡ್ ಟ್ಯೂಬ್ ಇದ್ದರೆ ಬಳೆ ಇಲ್ಲದ ಪ್ಲೇಟೇ ಬೇಕು. ವಾಪಸ್ ಕಳಿಸಿ ಸರಿಯಾದದ್ದು ಬರುವ ತನಕ ಇಂಜಿನ್ ನೆಲದ ಮೇಲೆ, ವ್ಯಾನ್ ಲಿಫ್ಟ್ ಮೇಲೆ, ಬಾಡಿಗೆ ಮೀಟರ್ ಓಡುತ್ತಲೇ ಇತ್ತು. ನೀವು ಪೆಟ್ಟಿಗೆ ತೆರೆದು ನೋಡಿದ ಮೇಲೆಯೇ ಇಂಜಿನ್ ಇಳಿಸಿ. ಫ್ಲೈವೀಲ್ ತೆಗೆದ ಕೈಯಲ್ಲೇ ಮೇನ್ ಸೀಲ್ ಬದಲಾಯಿಸಿ, ಶಿಮ್ (ತೆಳು ವಾಷರ್) ಹಾಕಿ ಎಂಡ್ ಪ್ಲೇ (ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಆಡುವ ದೂರ) 0.10 ಮಿ.ಮೀ. ಹತ್ತಿರ ತಂದೆ. 0.07ರಿಂದ 0.13ರ ಒಳಗೆ ಇದ್ದರಾಯಿತು. ಗ್ಲ್ಯಾಂಡ್ ನಟ್ಟಿಗೆ ಸುಮಾರು 350 ನ್ಯೂಟನ್ ಮೀಟರ್ ಬಿಗಿ ಬೇಕು. ಏರ್ ಗನ್ ಇಲ್ಲದೆ, ಇನ್ನೊಬ್ಬರ ಸಹಾಯವೂ ಇಲ್ಲದೆ ಫ್ಲೈವೀಲ್ ಅಲ್ಲಾಡದ ಹಾಗೆ ನಿಲ್ಲಿಸಲಿಕ್ಕೆ ನನ್ನದೇ ಒಂದು ಪಟ್ಟು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ವ್ಯಾನ್ ತಗೊಂಡು ಬನ್ನಿ, ತೋರಿಸುತ್ತೇನೆ.

ಮತ್ತೆ ಕೂರಿಸಿ, ಬಿಸಿ ಮಾಡಿ, ಹತ್ತು ಎಣಿಸಿ ರಿವರ್ಸ್ ಹಾಕಿದೆ. ಸದ್ದೇ ಇಲ್ಲ. ಆ ಸಂಜೆ ಮನೆ ಮುಂದೆ ಸುಮ್ನೆ ಹಿಂದೆ ಮುಂದೆ ಓಡಿಸಿದ್ದೇ ಓಡಿಸಿದ್ದು.

ಎರಡನೇ ಗೇರಿನ ಕರಕರ ಬೇರೆ ಕಥೆ. ಗೇರ್ ಆಯಿಲ್ ಇಳಿಸಿ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿದೆ. ತುಂಬಾ ಹೊತ್ತು ಹಿಡಿಯಿತು, ಆದರೆ ಮಾಡಬೇಕಾದ ಕೆಲಸ. ಪೇಪರಿನ ಮೇಲೆ ಬಂಗಾರದ ಬಣ್ಣದ ಪುಡಿ ಉಳಿದರೆ ಸಿಂಕ್ರೋ ರಿಂಗಿನ ಹಿತ್ತಾಳೆ. ಅಯಸ್ಕಾಂತಕ್ಕೆ ಚೂಪಾದ ಚೂರು ಅಂಟಿದರೆ ಗೇರಿನ ಹಲ್ಲು, ಆಗ ಮಾತ್ರ ಗೇರ್‌ಬಾಕ್ಸ್ ಬಿಚ್ಚಬೇಕು. ನನಗೆ ಸಿಕ್ಕಿದ್ದು ತೆಳ್ಳಗೆ ಬಂಗಾರದ ಪುಡಿ, ಅಯಸ್ಕಾಂತದ ಮೇಲೆ ಬೂದು ಕೆಸರು, ಚೂರು ಇಲ್ಲ. ಹಳೇ ಮಾಲೀಕರ ಫೈಲಿನಲ್ಲಿ ಆಯಿಲ್ ಬಿಲ್ ಇತ್ತು: ಜಿಎಲ್-5 ದರ್ಜೆಯ ಗೇರ್ ಆಯಿಲ್. ಇದೇ ಕಳ್ಳ. ಜಿಎಲ್-5ರ ಜಾರು ಜಾಸ್ತಿ, ಸಿಂಕ್ರೋ ಕಚ್ಚಿ ಹಿಡಿಯುವುದಿಲ್ಲ. ಅದರಲ್ಲಿರುವ ಗಂಧಕದ ಮದ್ದು ಹಿತ್ತಾಳೆಗೂ ಒಳ್ಳೆಯದಲ್ಲ. 80ಡಬ್ಲ್ಯೂ-90 ಜಿಎಲ್-4, ಮೂರೂವರೆ ಲೀಟರ್ ಹಾಕಿದೆ. ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಒಮ್ಮೆ ಬದಲಾಯಿಸಿದೆ, ಹಳೆಯದು ಪೂರ್ತಿ ಹೋಗಲಿ ಅಂತ. ಕರಕರ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ನಿಧಾನವಾಗಿ ಹಾಕಿದರೆ ಇಲ್ಲ. ಯಾರೋ ಹೇಳಿದರು ಅಂತ ಒಂದು ಬಾಟಲಿ ಗೇರ್ ಮದ್ದನ್ನೂ ಹಾಕಿ ನೋಡಿದ್ದೆ. 20 ಯೂರೋ ದಂಡ. ಬೇರಿಂಗ್ ಬಿಸಿಯಾಗುತ್ತಾ ಅಂತ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಗೇರ್‌ಬಾಕ್ಸಿನ ನಾಲ್ಕೂ ಕಡೆ ಅಳೆದೆ. ಎಕ್ಸಾಸ್ಟ್ ಶಾಖ ಬೆರೆತು ಲೆಕ್ಕವೇ ಸಿಗಲಿಲ್ಲ. ಸ್ಟಾರ್ಟರ್ ತೆಗೆದು ಆ ತೂತಿನಿಂದ ಫೋನಿಗೆ ಹಾಕುವ ಕ್ಯಾಮೆರಾ ಬಿಟ್ಟಿದ್ದು ಮಾತ್ರ ಉಪಯೋಗಕ್ಕೆ ಬಂತು. ಒಳಗೆ ಆಯಿಲ್ ಚಿಮ್ಮಿಲ್ಲ ಅನ್ನುವುದು ಇಂಜಿನ್ ಇಳಿಸದೆ ಗೊತ್ತಾಯಿತು.

ಇನ್ನು ನಾಲ್ಕನೇ ಗೇರ್. ಇಂಜಿನ್ ಆಫ್ ಮಾಡಿ ನಾಲ್ಕನೇ ಗೇರ್ ಹಾಕಿ ಕೆಳಗೆ ಹೋದೆ. ಗೇರ್ ಲಿವರಿನಿಂದ ಬರುವ ಶಿಫ್ಟ್ ರಾಡನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲರ್ ಕಳಚಿ, ಗೇರ್‌ಬಾಕ್ಸ್ ಮೂಗಿನಿಂದ ಹೊರಬಂದಿರುವ ಶಾಫ್ಟನ್ನು ಅದೇ ದಿಕ್ಕಿಗೆ ಕೈಯಲ್ಲಿ ಸರಿಸಿ ನೋಡಿದೆ. ಅದು ಇನ್ನೂ ಮೂರು ನಾಲ್ಕು ಮಿ.ಮೀ. ಸರಿಯಿತು! ಅಂದರೆ ಗೇರ್ ಪೂರ್ತಿ ಬಿದ್ದೇ ಇರಲಿಲ್ಲ. ಗೇರ್‌ಬಾಕ್ಸ್ ನಿರಪರಾಧಿ. ಕಪ್ಲರಿನ ಬುಷ್ ಪುಡಿಯಾಗಿತ್ತು, ಗೇರ್‌ಬಾಕ್ಸನ್ನು ಹಿಡಿಯುವ ಮುಂದಿನ ರಬ್ಬರ್ ಮೌಂಟ್ ಬಿರಿದು ಮೆತ್ತಗಾಗಿತ್ತು. ಆಕ್ಸಿಲರೇಟರ್ ಬಿಟ್ಟಾಗ ಇಡೀ ಗೇರ್‌ಬಾಕ್ಸ್ ಸರಿದು ಅರ್ಧ ಬಿದ್ದ ಗೇರು ಹಾರುತ್ತಿತ್ತು. ಎರಡನ್ನೂ ಬದಲಾಯಿಸಿ, ಗೇರ್ ಲಿವರ್ ಕೆಳಗಿನ ಸ್ಟಾಪ್ ಪ್ಲೇಟ್ ಸರಿಮಾಡಿದೆ. ಈ ಪ್ಲೇಟ್ ಕೂರಿಸಲಿಕ್ಕೆ ಸೀಮೆಸುಣ್ಣದ ಗುರುತು ಹಾಕುವ ಒಂದು ಉಪಾಯ ಇದೆ. ಅದನ್ನೂ ಇನ್ನೊಂದು ಸಲ ಹೇಳುತ್ತೇನೆ.

ಇನ್ನೊಂದು ಮಾತು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದಾಗ ಹೋದರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್ ಕಡೆ ನೋಡಿ. ನನ್ನದರಲ್ಲಿ ಎರಡೂ ಇರಲಿಲ್ಲ. ಅದೂ ಗೇರ್‌ಬಾಕ್ಸ್ ಚೆನ್ನಾಗಿದೆ ಅನ್ನುವ ನನ್ನ ನಂಬಿಕೆಗೆ ಬಲ ಕೊಟ್ಟಿತ್ತು.

ಖರ್ಚು ನೆನಪಿನಿಂದ ಹೇಳುತ್ತೇನೆ. ಕೇಬಲ್ಲೂ ಬೌಡನ್ ಟ್ಯೂಬೂ 35, ವೆಲ್ಡಿಂಗ್ 40, ಕ್ಲಚ್ ಕಿಟ್ 170, ಗ್ಲ್ಯಾಂಡ್ ನಟ್, ಸೀಲ್, ಶಿಮ್ ಸೇರಿ 35, ಆಯಿಲ್ ಎರಡು ಸಲಕ್ಕೆ 90ರ ಹತ್ತಿರ, ಬುಷ್ಷು ಮೌಂಟು 60. ಲಿಫ್ಟ್ ಬಾಡಿಗೆಯೇ ಜಾಸ್ತಿ, 200 ದಾಟಿತು. ಒಟ್ಟು 630-650 ಯೂರೋ. ಮ್ಯಾನ್‌ಹೈಮ್ ಹುಡುಗ ವ್ಯಾನ್ ಓಡಿಸಿ ನೋಡಿ, ಹೋಗುವಾಗ ತನ್ನ ವ್ಯಾನಿನ ಲಿವರ್ ಅಳೆಯಲಿಕ್ಕೆ ನನ್ನ ಸ್ಟೀಲ್ ಸ್ಕೇಲನ್ನೇ ಕೇಳಿ ತಗೊಂಡು ಹೋದ.

ಈಗ ಬಾಕಿ ಇರುವುದು ಶಿಫ್ಟ್ ರಾಡಿನ ನಡುವಿನ ಬುಷ್. ಅಂಗಡಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಬುಷ್ ನನಗೆ ತೀರಾ ಮೆತ್ತಗೆ ಅನಿಸಿತು. ಲೇತ್‌ನಲ್ಲಿ ನೈಲಾನ್ ಬುಷ್ ಮಾಡಿಸಿ ಹಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಎಷ್ಟು ಗ್ಯಾಪ್ ಬಿಟ್ಟಿರಿ, ಚಳಿಯಲ್ಲಿ ರಾಡ್ ಬಿಗಿಯಾಯಿತೇ ಅಂತ ತಿಳಿಸಿ. ಡಿಸೆಂಬರ್ ಒಳಗೆ ಮಾಡಿ ಮುಗಿಸಬೇಕು.