2021ರ ಚಾಂಪಿಯನ್ ರಾತ್ರೋರಾತ್ರಿ ಬದಲಾದ: ನಮ್ಮ ಫ್ಯಾಂಟಸಿ ಲೀಗ್‌ನ ಹಳೆ ಸೀಸನ್ ಉಳಿಸಿದ್ದು ಹೆಂಗೆ

2022ರ ಮಾರ್ಚ್, ಐಪಿಎಲ್ ಶುರುವಾಗಕ್ಕೆ ಇನ್ನೆರಡು ದಿನ ಐತೆ, ಬೆಳಿಗ್ಗೆ ಏಳಕ್ಕೇ ಫೋನು. ನಮ್ಮ ಮೆಡಿಕಲ್ ಶಾಪ್ ಗೆಳೆಯ. ಹಲೋನೂ ಇಲ್ಲ ಏನೂ ಇಲ್ಲ, "ಲೇ, ನನ್ ಚೊಂಬು ಯಾರಿಗ್ ಕೊಟ್ಟಿ?" ಅಂದ. ನಿದ್ದೆಗಣ್ಣಲ್ಲೇ ಸೈಟ್ ಓಪನ್ ಮಾಡಿ ನೋಡ್ತೀನಿ, 2021ರ ಸೀಸನ್ ಪೇಜಲ್ಲಿ ಇವನ ಟೀಮು ಎರಡನೇ ಸ್ಥಾನದಾಗೆ ಕುಂತೈತೆ, ಮೊದಲನೇ ಸ್ಥಾನಕ್ಕೆ ತೋರಣಗಲ್ಲಿಗೆ ಶಿಫ್ಟ್ ಹೋಗೋ ಗೆಳೆಯ ಬಂದುಬಿಟ್ಟಾನೆ. ಅವನಂತೂ ನೈಟ್ ಶಿಫ್ಟ್‌ನಲ್ಲೇ ನೋಡಿ ಸ್ಕ್ರೀನ್‌ಶಾಟ್ ಹೊಡೆದು ಗ್ರೂಪಿಗೆ ಹಾಕಿ ನಗೋ ಇಮೋಜಿ ಹತ್ತು ಕಳ್ಸಿದ್ದ.

ಚೊಂಬು ಅಂದ್ರೆ ನಿಜವಾದ ಚೊಂಬೇ. ನಮ್ದು ಬಳ್ಳಾರಿ ಕೌಲ್ ಬಜಾರ್ ಕಡೆ ಹನ್ನೆರಡು ಜನದ ಲೀಗು, ದುಡ್ಡಿನ ವ್ಯವಹಾರ ಇಲ್ಲ. ಗೆದ್ದೋನಿಗೆ ಪಾತ್ರೆ ಅಂಗಡಿಯಲ್ಲಿ ಹೆಸ್ರು, ವರ್ಷ ಕೆತ್ತಿಸಿದ ಸ್ಟೀಲ್ ಚೊಂಬು, ಕೊನೇಲಿ ಬಂದೋನು ಎಲ್ಲರಿಗೂ ಒಗ್ಗರಣೆ-ಮಿರ್ಚಿ ಕೊಡಿಸ್ಬೇಕು. 2016ರಲ್ಲಿ ಉದ್ದನೆ ನೋಟ್‌ಬುಕ್ಕಲ್ಲಿ ಶುರುವಾಗಿದ್ದು, 2018ಕ್ಕೆ ಎಕ್ಸೆಲ್‌ಗೆ ಬಂತು, 2020ರ ಲಾಕ್‌ಡೌನ್‌ನಾಗೆ ಕೆಲಸ ಇಲ್ದೆ ಮನೇಲಿ ಕುಂತಾಗ ನಾನೇ ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಸೈಟ್ ಬರೆದೆ. ನಾನು ದೊಡ್ಡ ಎಂಜಿನಿಯರ್ ಅಲ್ಲ, ಜೀನ್ಸ್ ಯೂನಿಟ್‌ಗಳಿಗೆ ಬಿಲ್ಲಿಂಗು ಸ್ಟಾಕು ಸಾಫ್ಟ್‌ವೇರ್ ಮಾಡಿಕೊಡೋನು. ಪ್ರತಿಯೊಬ್ಬನಿಗೂ ಸುಳ್ಳು ಕೋಟಿ ಲೆಕ್ಕದಲ್ಲಿ ಪರ್ಸು, ಸೀಸನ್‌ಗೆ ಮುಂಚೆ ಹರಾಜು, ತಲಾ ಹದಿನೈದು ಐಪಿಎಲ್ ಪ್ಲೇಯರು, ನಿಜವಾದ ಮ್ಯಾಚ್‌ನಾಗೆ ಅವರು ಹೊಡೆದ ರನ್ನು, ತಗೊಂಡ ವಿಕೆಟ್‌ಗೆ ನಮಗೆ ಪಾಯಿಂಟು, ಇಷ್ಟೇ ನಮ್ಮ ಆಟ.

ಆವತ್ತು ಆಗಿದ್ದೇನಪ್ಪ ಅಂದ್ರೆ, ಹಿಂದಿನ ರಾತ್ರಿ ನಾನು ಹೊಸ ಸೀಸನ್‌ಗೆ ಎರಡು ಬದಲಾವಣೆ ಮಾಡಿದ್ದೆ. ಒಂದು, ಐಪಿಎಲ್‌ನ ಮೆಗಾ ಹರಾಜು ಮುಗಿದಿತ್ತಲ್ಲ, ಡೇಟಾಬೇಸ್‌ನ ಪ್ಲೇಯರ್ ಟೇಬಲ್‌ನಲ್ಲಿ (ಅಂದ್ರೆ ಪಟ್ಟಿಯಲ್ಲಿ) ಎಲ್ಲರ ಫ್ರಾಂಚೈಸಿ ಹೆಸರು ಬದಲಾಯಿಸಿದ್ದೆ. ಎರಡು, ಬೌಲರ್‌ಗಳಿಗೆ ಅನ್ಯಾಯ ಆಗ್ತೈತೆ ಅಂತ ಎಲ್ಲರೂ ಒಪ್ಪಿ ವಿಕೆಟ್‌ಗೆ 20 ಪಾಯಿಂಟ್ ಇದ್ದದ್ದನ್ನ 25 ಮಾಡಿದ್ದೆ. ಆದ್ರೆ ನನ್ನ ಕೋಡು ಪಾಯಿಂಟ್ಸ್‌ನ ಎಲ್ಲೂ ಬರೆದಿಡ್ತಿರ್ಲಿಲ್ಲ, ಯಾರು ಪೇಜ್ ತೆಗೆದ್ರೂ ಆ ಕ್ಷಣಕ್ಕೆ ಇರೋ ರೂಲ್ ಹಿಡ್ಕೊಂಡು ಲೆಕ್ಕ ಹಾಕಿ ತೋರಿಸ್ತಿತ್ತು. 2021ರಲ್ಲಿ ಹರ್ಷಲ್ ಪಟೇಲ್ ಆರ್‌ಸಿಬಿಗೆ 32 ವಿಕೆಟ್ ತಗೊಂಡು ಅತಿ ಹೆಚ್ಚು ವಿಕೆಟ್‌ನ ಪರ್ಪಲ್ ಕ್ಯಾಪ್ ಗೆದ್ದಿದ್ದ, ಅವನು ಇದ್ದದ್ದು ನಮ್ಮ ತೋರಣಗಲ್ಲಿನೋನ ಟೀಮ್‌ನಾಗೆ. 32 ಇಂಟು 5, ಹರ್ಷಲ್ ಒಬ್ನಿಂದ್ಲೇ 160 ಪಾಯಿಂಟ್ ಜಾಸ್ತಿ ಬಂತು. ಮೆಡಿಕಲ್ ಶಾಪ್‌ನೋನು ಗೆದ್ದಿದ್ದೇ 94 ಪಾಯಿಂಟ್ ಅಂತರದಲ್ಲಿ, ಅವನ ಬಲ ಎಲ್ಲಾ ಬ್ಯಾಟಿಂಗು, ಆ ವರ್ಷ 635 ರನ್ ಹೊಡೆದ ಋತುರಾಜ್ ಗಾಯಕ್ವಾಡ್ ಅವನ ಕಡೆ ಇದ್ದ, ಆದ್ರೆ ರನ್ನಿನ ರೇಟು ಬದಲಾಗಿರ್ಲಿಲ್ಲವಲ್ಲ. ಚೊಂಬಿನ ಮೇಲೆ ಒಬ್ಬನ ಹೆಸ್ರು, ಡೇಟಾಬೇಸ್‌ನಾಗೆ ಇನ್ನೊಬ್ಬನದು.

ಇನ್ನೂ ಕೆದಕಿ ನೋಡಿದ್ರೆ ಬರೀ ಇದಲ್ಲ, 2020ರ ಪೇಜ್ ತೆಗೆದ್ರೆ ಕೆ.ಎಲ್. ರಾಹುಲ್ ಲಖನೌ ಸೂಪರ್ ಜೈಂಟ್ಸ್ ಅಂತ ತೋರಿಸ್ತೈತೆ! 2020ರಲ್ಲಿ ಲಖನೌ ಅನ್ನೋ ಟೀಮೇ ಇರ್ಲಿಲ್ಲ, ರಾಹುಲ್ ಆ ವರ್ಷ 670 ರನ್ ಹೊಡೆದು ಅತಿ ಹೆಚ್ಚು ರನ್‌ನ ಆರೆಂಜ್ ಕ್ಯಾಪ್ ಹಾಕ್ಕೊಂಡಿದ್ದು ಕಿಂಗ್ಸ್ ಇಲೆವೆನ್ ಪಂಜಾಬ್‌ಗೆ.

ಮೊದಲು ತೇಪೆ ಹಾಕೋಣ ಅನ್ನಿಸ್ತು. ಇಫ್ ವರ್ಷ 2022ಕ್ಕಿಂತ ಕಡಿಮೆ ಇದ್ರೆ 20 ಇಲ್ಲಂದ್ರೆ 25 ಅಂತ ಒಂದು ಸಾಲು. ಹಾಕಿದೆ ಕೂಡ, ಸೀಸನ್ ಶುರುವಾಗೋದ್ರಲ್ಲಿತ್ತು, ಬೇರೆ ದಾರಿ ಇರ್ಲಿಲ್ಲ. ಆದ್ರೆ ಮುಂದಿನ ವರ್ಷ ಇನ್ನೊಂದು ರೂಲ್ ಬದಲಾಗ್ತದೆ, ಆಮೇಲೆ ಮತ್ತೊಂದು, ಕೋಡ್ ಪೂರ್ತಿ ಇಫ್‌ಗಳ ಸಂತೆ ಆಗಿಬಿಡ್ತದೆ. (ಆಯ್ತು ಕೂಡ, 2023ಕ್ಕೆ ಇಂಪ್ಯಾಕ್ಟ್ ಪ್ಲೇಯರ್ ಬಂದ, ಹನ್ನೊಂದರಲ್ಲಿ ಇಲ್ದಿದ್ದೋನು ಮಧ್ಯೆ ಬಂದು ಅರ್ಧಶತಕ ಹೊಡೆದ್ರೆ ಅವನಿಗೆ ಆಡಿದ ಪಾಯಿಂಟ್ ಕೊಡಬೇಕಾ ಬ್ಯಾಡ್ವಾ ಅಂತ ಒಂದು ವಾರ ಜಗಳ.)

ಸರಿಯಾದ ದಾರಿ ಹೊಳೆದಿದ್ದು ನಮ್ಮಪ್ಪನ ಮಾತಿಂದ. ಅಪ್ಪ ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿ ಎಷ್ಟೋ ವರ್ಷ ಕಿರ್ದಿ ಖಾತೆ ಬರೆದೋರು. ಅವರ ಲೆಕ್ಕದಾಗೆ ಎರಡೇ ನಿಯಮ. ಬರೆದಿದ್ದನ್ನ ಕೆರೆದು ತಿದ್ದಬಾರ್ದು, ತಪ್ಪಾಗಿದ್ರೆ ಕೆಳಗೆ ಇನ್ನೊಂದು ಸಾಲು ಬರೆದು ಜಮಾನೋ ಖರ್ಚೋ ಹಾಕಿ ಸರಿ ಮಾಡ್ಬೇಕು. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಆದ ಮೇಲೆ ಹಳೆ ಪುಸ್ತಕಕ್ಕೆ ಕೈ ಹಚ್ಚಬಾರ್ದು. "ಹತ್ತಿ ರೇಟು ಈ ವರ್ಷ ಏರಿತು ಅಂತ ಹೋದ ವರ್ಷದ ಪಟ್ಟಿ ತಿದ್ದಿ ರೈತನಿಗೆ ದುಡ್ಡು ಕೊಡ್ತಾರೇನೋ?" ಅಂದ್ರು. ನಾನೂ ಅದೇ ಜೀನ್ಸ್ ಯೂನಿಟ್‌ನೋರಿಗೆ ಬಿಲ್ಲಿಂಗ್ ಮಾಡಿಕೊಡುವಾಗ ಬಿಲ್ ಒಳಗೆ ಆವತ್ತಿನ ರೇಟನ್ನೇ ಬರೆದಿಡ್ತೀನಿ, ಈಗಿನ ರೇಟು ಇರೋ ಐಟಂ ಮಾಸ್ಟರ್ ಪಟ್ಟಿಯಿಂದ ಎಳೆಯಲ್ಲ. ಹೊಟ್ಟೆಪಾಡಿನ ಕೆಲಸದಲ್ಲಿ ಗೊತ್ತಿದ್ದಿದ್ದು ಆಟದ ಸೈಟ್‌ನಾಗೆ ತಲೆಗೇ ಹೋಗಿರ್ಲಿಲ್ಲ.

2022ರ ಸೀಸನ್ ಮುಗಿದ ಮೇಲೆ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟಿದೆ. ಪ್ಲೇಯರ್ ಟೇಬಲ್‌ನಲ್ಲಿ ಈಗ ಸಾಯೋವರೆಗೂ ಬದಲಾಗದ ಒಂದು ಐಡಿ ಬಿಟ್ರೆ ಏನೂ ಇಲ್ಲ ಅನ್ನಬಹುದು. ಫ್ರಾಂಚೈಸಿ, ಬೆಲೆ, ಬ್ಯಾಟರಾ ಕೀಪರಾ, ಸ್ಕ್ರೀನ್ ಮೇಲೆ ಯಾವ ಹೆಸ್ರು ಕಾಣಬೇಕು, ಇವೆಲ್ಲಾ "ಪ್ಲೇಯರ್-ಸೀಸನ್" ಅನ್ನೋ ಬೇರೆ ಟೇಬಲ್‌ಗೆ ಹೋದ್ವು, ಒಬ್ಬ ಪ್ಲೇಯರ್‌ಗೆ ಸೀಸನ್‌ಗೆ ಒಂದು ಸಾಲು. ಹೆಸರನ್ನೇ ಗುರುತಿನ ಕೀ ಮಾಡ್ಕೊಂಡಿದ್ದ ಹಳೆ ಪಟ್ಟಿಗಳಿಂದ ಪಟ್ಟ ಪಾಡು ಹೇಳಕ್ಕಾಗಲ್ಲ. ಪುಣೆ ಟೀಮು 2016ರಲ್ಲಿ ಸೂಪರ್‌ಜೈಂಟ್ಸ್, 2017ರಲ್ಲಿ ಕೊನೆ ಎಸ್ ಬಿಟ್ಟು ಸೂಪರ್‌ಜೈಂಟ್, ನನ್ನ ಇಂಪೋರ್ಟು ಅದನ್ನ ಎರಡು ಬೇರೆ ಫ್ರಾಂಚೈಸಿ ಮಾಡಿಟ್ಟಿತ್ತು. 2023ರಲ್ಲಿ ಸ್ಕೋರ್‌ಕಾರ್ಡ್‌ನಿಂದ "ಎಸ್ ಶರ್ಮಾ" ಅಂತ ಬಂದ್ರೆ ರಾಜಸ್ಥಾನದ ಸಂದೀಪಾ, ಕೋಲ್ಕತ್ತಾದ ಸುಯಶಾ? ಇದನ್ನ ಮಷಿನ್‌ಗೆ ಬಿಡಲ್ಲ, ಅನುಮಾನ ಬಂದ ಹೆಸ್ರು ಒಂದು ಲಿಸ್ಟಿಗೆ ಬೀಳ್ತದೆ, ನಾನೇ ಕುಂತು ಜೋಡಿಸ್ತೀನಿ.

ಹಳೆ ಟೀಮ್ ಹೆಸ್ರು ಹಳೆ ಸೀಸನ್‌ನಾಗೆ ಹಂಗೇ ಇರ್ಬೇಕು ಅಂತ ನಾನು ಹಟ ಹಿಡಿದೆ. ಡೆಲ್ಲಿ 2018ರವರೆಗೆ ಡೇರ್‌ಡೆವಿಲ್ಸ್, ಆಮೇಲೆ ಕ್ಯಾಪಿಟಲ್ಸ್. ಒಬ್ಬ ಕೇಳ್ದ, ಯಾಕಪ್ಪ ಇಷ್ಟು ತಲೆನೋವು, ಎಲ್ಲಾ ಕಡೆ ಈಗಿನ ಹೆಸ್ರೇ ಹಾಕು ಅಂತ. ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗೇ 2014ರ ನವೆಂಬರ್ 1ಕ್ಕೆ ಬದಲಾಯ್ತಲ್ಲ, ಅದಕ್ಕೆ ಮುಂಚಿನ ಬಿಲ್ ಬುಕ್, ಮಾರ್ಕ್ಸ್ ಕಾರ್ಡ್ ಮೇಲೆ ಹಳೆ ಸ್ಪೆಲ್ಲಿಂಗೇ ಐತೆ, ಯಾರಾದ್ರೂ ತಿದ್ದಕ್ಕೆ ಹೋದ್ರಾ ಅಂದೆ. 2024ರಲ್ಲಿ ಆರ್‌ಸಿಬಿ ಇಂಗ್ಲಿಷಿನಾಗೆ ಬೆಂಗಳೂರು ಅಂತ ಸ್ಪೆಲ್ಲಿಂಗ್ ಬದಲಾಯಿಸಿದಾಗ ಮಾತ್ರ ನಾನು ಏನೂ ಮಾಡ್ಬೇಕಾಗಿ ಬರ್ಲಿಲ್ಲ, ನಮ್ಮ ಸೈಟು ಕನ್ನಡದಾಗೇ ಐತೆ, ಕನ್ನಡದಾಗೆ ಅದು ಯಾವತ್ತಿದ್ರೂ ಬೆಂಗಳೂರೇ.

ರೂಲ್ಸ್‌ಗೂ ಇದೇ ಮದ್ದು. ಪ್ರತಿ ಸೀಸನ್‌ಗೆ ಒಂದು ರೂಲ್ ಪಟ್ಟಿ, ಮೊದಲ ಮ್ಯಾಚ್ ಟಾಸ್ ಆಗಿದ್ದೇ ತಡ ಅದು ಲಾಕ್. ಬದಲಾಯಿಸ್ಬೇಕಂದ್ರೆ ಕಾಪಿ ಮಾಡಿ ಮುಂದಿನ ಸೀಸನ್‌ಗೆ ಬರೀರಿ.

ಸೀಸನ್ ಅಂದ್ರೆ ವರ್ಷ ಅಂದ್ಕೊಂಡಿದ್ದು ನನ್ನ ಇನ್ನೊಂದು ದಡ್ಡತನ. ಏಪ್ರಿಲ್-ಮೇ ಅಂದ್ರೆ ಐಪಿಎಲ್ ಅಂತ ತಾರೀಖು ನೋಡಿ ಸೀಸನ್ ಹಿಡಿಯೋ ಕೋಡ್ ಬರೆದಿದ್ದೆ, 2020ರದ್ದು ಸೆಪ್ಟೆಂಬರ್‌ನಿಂದ ನವೆಂಬರ್‌ಗೆ ದುಬೈ ಅಬುಧಾಬಿಯಲ್ಲಿ ನಡೀತು, 2021ರದ್ದು ಮೇ ತಿಂಗಳಲ್ಲಿ ನಿಂತು ಮತ್ತೆ ಸೆಪ್ಟೆಂಬರ್‌ನಾಗೆ ಶುರುವಾಯ್ತು, ಮಧ್ಯೆ ಎಷ್ಟೋ ವಿದೇಶಿ ಪ್ಲೇಯರ್‌ಗಳು ವಾಪಸ್ಸೇ ಬರ್ಲಿಲ್ಲ. ಅದೂ ಹೋಗ್ಲಿ ಅಂದ್ರೆ ಹುಡುಗರು ಕಬಡ್ಡಿನೂ ಹಾಕು ಅಂತ ಗಂಟುಬಿದ್ರು. ಪ್ರೊ ಕಬಡ್ಡಿ ಎಂಟನೇ ಸೀಸನ್ ಫೈನಲ್ ನಡೆದಿದ್ದು 2022ರ ಫೆಬ್ರವರಿ, ಒಂಬತ್ತನೇದ್ದು 2022ರ ಡಿಸೆಂಬರ್. ಒಂದೇ ವರ್ಷದಾಗೆ ಎರಡು ಚಾಂಪಿಯನ್, ಎಂಟರಲ್ಲಿ ಬೆಂಗಳೂರು ಬುಲ್ಸ್‌ನಲ್ಲಿದ್ದ ಪವನ್ ಸೆಹ್ರಾವತ್ ಒಂಬತ್ತಕ್ಕೆ ತಮಿಳ್ ತಲೈವಾಸ್‌ಗೆ ಹೋಗ್ಯಾನೆ, ವರ್ಷ ನೋಡಿ ಯಾವ ಟೀಮ್ ತೋರಿಸ್ತೀರಿ? ಈಗ ಸೀಸನ್‌ಗೂ ಅದರದೇ ಐಡಿ, ವರ್ಷ ಅನ್ನೋದು ಬರೀ ಬೋರ್ಡ್ ಮೇಲಿನ ಬರಹ.

ಅತೀ ಕಷ್ಟ ಆಗಿದ್ದು ಕ್ಯಾಪ್ಟನ್ ವಿಷಯ. ನಮ್ಮಲ್ಲಿ ಕ್ಯಾಪ್ಟನ್‌ಗೆ ಡಬಲ್ ಪಾಯಿಂಟು, ಮ್ಯಾಚಿಗೊಮ್ಮೆ ಬದಲಾಯಿಸಬಹುದು. ಹಳೆ ಸೈಟ್‌ನಾಗೆ ಒಂದೇ ಕಾಲಮ್ಮು, ಈಗಿನ ಕ್ಯಾಪ್ಟನ್, ಬದಲಾಯಿಸಿದ್ರೆ ಹಳೇದ್ರ ಮೇಲೇ ಬರೀತಿತ್ತು. ಅಂದ್ರೆ 2020, 2021ರಲ್ಲಿ ಯಾವ ಮ್ಯಾಚ್‌ಗೆ ಯಾರು ಕ್ಯಾಪ್ಟನ್ ಅನ್ನೋದು ಮಣ್ಣುಪಾಲು. ಏನ್ ಮಾಡಿದೆ ಅಂದ್ರೆ, ನಮ್ಮ ವಾಟ್ಸಾಪ್ ಗ್ರೂಪಿನ ಚಾಟ್ ಎಕ್ಸ್‌ಪೋರ್ಟ್ ಮಾಡಿ ಆ ಟೆಕ್ಸ್ಟ್ ಫೈಲ್‌ನಾಗೆ "ಕ್ಯಾಪ್ಟನ್", "ಕ್ಯಾಪ್", "ಸಿ" ಅಂತ ಹುಡುಕ್ಕೋತ ಕುಂತೆ. ಎರಡು ಭಾನುವಾರ ಹೋಯ್ತು, ಫ್ಯಾನ್ ಕೆಳಗೂ ಬೆವರು, ನಡುವೆ ಕರೆಂಟ್ ಹೋಗಿ ಅರ್ಧ ಕೆಲಸ ಸೇವ್ ಆಗ್ದೆ ಹೋಯ್ತು. "ಇವತ್ತು ಕೊಹ್ಲಿನೇ ಕ್ಯಾಪ್ಟನ್, ಏನಾದ್ರೂ ಆಗ್ಲಿ" ಅಂತ ಬರೆದೋನು ಆವತ್ತು ಕೊಹ್ಲಿ ಬೇಗ ಔಟಾದ ಮೇಲೆ "ನಾನ್ ಹಂಗ್ ಹೇಳೇ ಇಲ್ಲ" ಅಂತ ವಾದ ಮಾಡಿದ್ದೂ ಸಿಕ್ತು. ಸಿಕ್ಕಿದ್ದಷ್ಟು ತುಂಬಿದೆ, ಆದ್ರೆ ಪ್ರತಿ ಸಾಲಿನ ಪಕ್ಕ ಎಲ್ಲಿಂದ ಬಂತು ಅಂತ ಒಂದು ಗುರುತು ಇಟ್ಟೆ: ಸೈಟ್‌ನಿಂದ, ವಾಟ್ಸಾಪ್‌ನಿಂದ, ನೋಟ್‌ಬುಕ್‌ನಿಂದ, ನೆನಪಿನಿಂದ. ನೆನಪಿನಿಂದ ಅನ್ನೋದು ಪೇಜ್ ಮೇಲೆ ಬೂದು ಬಣ್ಣದಾಗೆ ಕಾಣ್ತದೆ, ಅದನ್ನ ಹಿಡ್ಕೊಂಡು ಯಾರೂ ಜಗಳ ಆಡಂಗಿಲ್ಲ. ಈಗ ಕ್ಯಾಪ್ಟನ್ನೂ, ಪ್ಲೇಯರ್ ಅದಲುಬದಲೂ ಎಲ್ಲಾ ಇಷ್ಟನೇ ಮ್ಯಾಚ್‌ನಿಂದ ಇಷ್ಟನೇ ಮ್ಯಾಚ್‌ವರೆಗೆ ಅಂತ ಬರೀತೀನಿ. ತಾರೀಖು ಹಾಕಲ್ಲ, ಒಂದೇ ದಿನ ಎರಡು ಮ್ಯಾಚ್ ಇದ್ರೆ ಎಡವಟ್ಟಾಗ್ತದೆ.

2016, 2017ರ ನೋಟ್‌ಬುಕ್ಕು ಅರ್ಧ ಗೆದ್ದಲು ತಿಂದೈತೆ, ಕೊನೆ ಪಟ್ಟಿ ಮಾತ್ರ ಉಳಿದೈತೆ. ಮೊದಲು ಮ್ಯಾಚ್‌ವಾರು ಜಾಗದಾಗೆ ಸೊನ್ನೆ ಹಾಕಿದ್ದೆ, ಅದು ತಪ್ಪು. ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ, ಆಡ್ಲೇ ಇಲ್ಲ ಅನ್ನೋದು ಇನ್ನೂ ಬೇರೆ. ರಾಹುಲ್ 2017ರ ಐಪಿಎಲ್ ಗಾಯದಿಂದ ಆಡ್ಲೇ ಇಲ್ಲ, ಅಲ್ಲಿ ಸೊನ್ನೆ ಹಾಕಿ ಸರಾಸರಿ ತೆಗೆದ್ರೆ ಹುಡುಗನಿಗೆ ಸುಮ್ನೆ ಅನ್ಯಾಯ. ಈಗ ಮೂರಕ್ಕೂ ಬೇರೆ ಬೇರೆ ಗುರುತು.

ಕಿರ್ದಿ ಪದ್ಧತಿ ಎಷ್ಟು ಕೈ ಹಿಡೀತು ಅನ್ನೋದು 2025ರ ಮೇ 8ಕ್ಕೆ ಗೊತ್ತಾಯ್ತು. ಧರ್ಮಶಾಲಾದಲ್ಲಿ ಪಂಜಾಬ್-ಡೆಲ್ಲಿ ಮ್ಯಾಚು ಮಧ್ಯದಲ್ಲೇ ನಿಂತುಹೋಯ್ತು, ಪ್ರಿಯಾಂಶ್ ಆರ್ಯ ಅಷ್ಟೊತ್ತಿಗೆ 70 ಹೊಡೆದಿದ್ದ, ಪಾಯಿಂಟ್ಸ್ ನಮ್ಮ ಸೈಟಿಗೂ ಬಂದಿತ್ತು. ಆಮೇಲೆ ಆ ಮ್ಯಾಚು ಮೇ 24ಕ್ಕೆ ಜೈಪುರದಲ್ಲಿ ಮೊದಲಿಂದ ಮತ್ತೆ ಆಡಿಸಿದ್ರು. ಹಳೆ ಪಾಯಿಂಟ್ ಲೆಕ್ಕಕ್ಕಿಲ್ಲ ಅಂತ ನಮ್ಮ ಲೀಗ್‌ನಾಗೆ ತೀರ್ಮಾನ ಆಯ್ತು, ಹಿಂದಿನ ನನ್ನ ಸೈಟ್ ಆಗಿದ್ರೆ ಡಿಲೀಟ್ ಒತ್ತಿ ಮುಗಿಸ್ತಿದ್ದೆ. ಈಗ ಪ್ರತಿ ಪಾಯಿಂಟೂ ಒಂದು ಸಾಲು, ಅದನ್ನ ಅಳಿಸದೆ ಕೆಳಗೆ ಮೈನಸ್ ಸಾಲು ಬರೆದು "ಮ್ಯಾಚ್ ರದ್ದು" ಅಂತ ಕಾರಣ ಹಾಕಿದೆ. ಆರ್ಯನ ಓನರ್ ಇವತ್ತಿಗೂ ಆ ಸಾಲು ತೋರಿಸಿ ಗೋಳಾಡ್ತಾನೆ, ಆದ್ರೆ ಲೆಕ್ಕ ತಪ್ಪು ಅಂತ ಮಾತ್ರ ಅನ್ನಲ್ಲ.

ಜಾಗ ಜಾಸ್ತಿ ತಿನ್ನಲ್ವಾ ಅಂದ್ರೆ, ಸೀಸನ್‌ಗೆ 74 ಮ್ಯಾಚು, ಮ್ಯಾಚಿಗೆ ಇಪ್ಪತ್ನಾಕು ಪ್ಲೇಯರ್ ಹಿಡಿದ್ರೂ 1,776 ಸಾಲು. ಫೋನ್‌ನಾಗಿರೋ ಒಂದು ಫೋಟೋದಷ್ಟೂ ಆಗಲ್ಲ.

ಫೈನಲ್ ಮುಗಿದ ಮೇಲೆ ಏಳು ದಿನ ತಕರಾರಿಗೆ ಟೈಮು. ಎಂಟನೇ ದಿನ ಸೀಸನ್‌ಗೆ ಬೀಗ, ಕೊನೆ ಪಟ್ಟಿಯನ್ನ ಹಂಗೇ ಬೇರೆ ಟೇಬಲ್‌ಗೆ ಬರೆದಿಡ್ತೀನಿ. ಮೂಲ ಸಾಲುಗಳೂ ಇರ್ತವೆ, ಕೊನೆ ಪಟ್ಟಿನೂ ಇರ್ತದೆ, ವಾರಕ್ಕೊಮ್ಮೆ ಒಂದು ಸ್ಕ್ರಿಪ್ಟು ಆಯಾ ಸೀಸನ್‌ನ ರೂಲ್ ಹಿಡ್ಕೊಂಡು ಮೊದಲಿಂದ ಕೂಡಿ ಎರಡೂ ತಾಳೆ ಆಗ್ತಾವಾ ನೋಡ್ತದೆ, ಇಲ್ಲಂದ್ರೆ ನನಗೆ ಮೆಸೇಜು. ಎರಡು ಸಲ ಬಂದೈತೆ, ಎರಡೂ ಸಲ ತಪ್ಪು ನಂದೇ.

ಒಬ್ಬ ಲೀಗ್ ಬಿಟ್ಟು ಹೋದಾಗ ನನ್ನ ಹೆಸ್ರು ಫೋಟೋ ತೆಗೆದುಬಿಡು ಅಂದ. ಅವನ ಸಾಲೆಲ್ಲಾ ಅಳಿಸಿದ್ರೆ ಉಳಿದೋರ ರ‍್ಯಾಂಕ್ ಏರುಪೇರು, ಅದಕ್ಕೆ ಹೆಸ್ರು, ನಂಬರ್, ಫೋಟೋ ಮಾತ್ರ ತೆಗೆದು "ಹಳೆ ಸದಸ್ಯ" ಅಂತ ಮಾಡಿದೆ, ಅವನೂ ಒಪ್ಪಿದ. ಇನ್ನು ನಮ್ಮಲ್ಲೊಬ್ಬ ಹೊರಗೆ ಒಂದು ಆಪ್‌ನಲ್ಲೂ ವರ್ಷಗಟ್ಟಲೆ ಆಡ್ತಿದ್ದ, ಹೆಸ್ರು ಬ್ಯಾಡ, ಅದು ಮುಚ್ಚಿದಾಗ ಅವನ ಹಳೆ ಟೀಮುಗಳೆಲ್ಲಾ ಅದರ ಜೊತೆಗೇ ಹೋದ್ವು. ಅದನ್ನ ನೋಡಿ ನಾನು ಎಲ್ಲರಿಗೂ ಡೌನ್‌ಲೋಡ್ ಬಟನ್ ಕೊಟ್ಟೆ, ಒತ್ತಿದ್ರೆ ಅವರವರ ಎಲ್ಲಾ ಸೀಸನ್ನೂ ಎಕ್ಸೆಲ್‌ನಾಗೆ ತೆಗೆಯೋಕೆ ಬರೋ ಒಂದು ಸಿಎಸ್‌ವಿ ಫೈಲ್‌ನಾಗೆ ಬರ್ತದೆ. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಗೇಮ್ ನಿಷೇಧದ ಕಾಯ್ದೆ ಪಾಸಾದಾಗ ನಮ್ದೂ ಬಂದ್ ಆಗ್ತದಾ ಅಂತ ಇಬ್ಬರು ಗಾಬರಿಯಾಗಿ ಅದೇ ದಿನ ಡೌನ್‌ಲೋಡ್ ಮಾಡ್ಕೊಂಡ್ರು. ಚೊಂಬಿಗೆ ಯಾವ ಕಾಯ್ದೆನಪ್ಪ ಅಂದೆ.

ಇಷ್ಟೆಲ್ಲಾ ಮಾಡಿ ನಾನು ಚೆಂದಾಗಿ ಗ್ರಾಫ್ ಬೇರೆ ಹಾಕಿದ್ದೆ, ಐದು ವರ್ಷದ ಏರಿಳಿತ, ಬಣ್ಣ ಬಣ್ಣದ ಗೆರೆ. ಒಬ್ಬನೂ ನೋಡಲ್ಲ. ಅವರು ತೆಗೆಯೋದು ಎರಡೇ ಪೇಜು, ನಾನೂ ಅವನೂ ಎದುರಾದಾಗ ಯಾರು ಎಷ್ಟು ಸಲ ಗೆದ್ದೀವಿ ಅನ್ನೋದು, ಮತ್ತೆ ಹರಾಜಿನಾಗೆ ಯಾರು ಯಾರನ್ನ ಕೈಬಿಟ್ರು ಅನ್ನೋದು.

ಇನ್ನೊಂದು ಬಟನ್ ಐತೆ, ತೋರಣಗಲ್ಲಿನೋನ ಕಾಟಕ್ಕೆ ಹಾಕಿದ್ದು: "ಈಗಿನ ರೂಲ್ಸ್‌ನಲ್ಲಿ ನೋಡು". ಅದನ್ನ ಒತ್ತಿದ್ರೆ ಹಳೆ ಸೀಸನ್ ಹೊಸ ರೂಲ್‌ನಲ್ಲಿ ಹೆಂಗಿರ್ತಿತ್ತು ಅಂತ ಕಾಣ್ತದೆ, ಮೇಲೆ ದೊಡ್ಡದಾಗಿ "ಇದು ಬರೀ ಊಹೆ" ಅಂತ ಪಟ್ಟಿ ಇರ್ತದೆ, ಎಲ್ಲೂ ಸೇವ್ ಆಗಲ್ಲ. ಅವನು ಆ ಪಟ್ಟಿಯನ್ನ ಕ್ರಾಪ್ ಮಾಡಿ ಪ್ರತಿ ವರ್ಷ ಹರಾಜಿನ ಹಿಂದಿನ ದಿನ 2021ರ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ತಾನೆ. ಮೆಡಿಕಲ್ ಶಾಪ್‌ನೋನು ಉತ್ತರಕ್ಕೆ ಚೊಂಬಿನ ಫೋಟೋ ಹಾಕ್ತಾನೆ, ಅದ್ರಾಗೆ ನೀರು ತುಂಬಿ ಗಲ್ಲಾಪೆಟ್ಟಿಗೆ ಪಕ್ಕಕ್ಕೆ ಇಟ್ಕೊಂಡಾನೆ, ಹೆಸ್ರು ಗಿರಾಕಿ ಕಡೆಗೆ ತಿರುಗ್ಸಿ.