ಸ್ಲೈಡರ್ ಎಳೆದ ದಿನ

ಸ್ಟಾಫ್‌ರೂಮಿನಲ್ಲಿ ತಂತ್ರಜ್ಞಾನದ ಮಾತು ಬಂದರೆ ನನ್ನ ಉತ್ತರ ಸಿದ್ಧವಿರುತ್ತಿತ್ತು: "ಸಿಲಬಸ್ ಮುಗಿಸೋಕೇ ಟೈಮಿಲ್ಲ." ಅದು ಅರ್ಧ ನಿಜ. 12 ವರ್ಷ ಬೋರ್ಡಿನ ಮುಂದೆ ತಡವರಿಸದವಳು, ಕಂಪ್ಯೂಟರ್ ಕೈಕೊಟ್ಟರೆ ಮಕ್ಕಳ ಎದುರು ಪೆಚ್ಚಾಗಬೇಕಲ್ಲ ಅನ್ನೋ ಅಳುಕು ಉಳಿದರ್ಧ. ಒಂದು ತರಬೇತಿಗೂ ಹೋಗಿದ್ದೆ. ಬೋರ್ಡಿನ ಮೇಲೆ ಬರೆಯೋದನ್ನೇ ಪರದೆ ಮೇಲೆ ತೋರಿಸೋಕೆ ಕಲಿಸಿದರು. ಗಣಿತಕ್ಕೆ ಅದರಿಂದ ಯಾವ ಭಾಗ್ಯವೂ ಬರಲಿಲ್ಲ.

ಮನಸ್ಸು ಬದಲಾಗಿದ್ದು ಜಿಯೋಜೀಬ್ರಾದಿಂದ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ ತಂತ್ರಾಂಶ ಅದು. ಒಂದು ಕಡೆ ಸಮೀಕರಣ, ಇನ್ನೊಂದು ಕಡೆ ಚಿತ್ರ. ಇದನ್ನು ಮುಟ್ಟಿದರೆ ಅದೂ ಅಲುಗುತ್ತದೆ.

ಅವತ್ತು 'ವೈ = ಎಕ್ಸ್² + ಬಿಎಕ್ಸ್ + 1' ಹಾಕಿ, ಬಿಗೆ ಸ್ಲೈಡರ್ (ಎಳೆದರೆ ಬೆಲೆ ಬದಲಾಗುವ ಗುಂಡಿ) ಇಟ್ಟಿದ್ದೆ. ಪರದೆಯಲ್ಲಿ ಬಟ್ಟಲಿನಂಥ ವಕ್ರರೇಖೆ, ಅದೇ ಪರವಲಯ. "ಬಿ ಬದಲಾದರೆ ಪರವಲಯ ಎಡಕ್ಕೋ ಬಲಕ್ಕೋ ಸರಿಯುತ್ತೆ" ಅಂತ ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಎಳೆದೆ. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಸರಿಯೋದಷ್ಟೇ ಅಲ್ಲ, ಕೆಳಗೂ ಇಳೀತಿದೆ!" ಅಂದ. ಶೃಂಗಬಿಂದುವಿಗೆ, ಅಂದರೆ ಪರವಲಯ ತಿರುಗುವ ತುದಿಗೆ, ಟ್ರೇಸ್ (ಹೋದ ದಾರಿಯ ಗುರುತು ಉಳಿಸುವ ಸೌಲಭ್ಯ) ಹಾಕಿದರೆ ಅದರ ಹೆಜ್ಜೆಗುರುತುಗಳೇ ಇನ್ನೊಂದು ಪರವಲಯ, ಕವುಚಿ ಹಾಕಿದ್ದು! ಯಾಕೆ ಅಂತ ಅವನು ಕೇಳಿದಾಗ ನನಗೆ ತಕ್ಷಣ ಹೊಳೆಯಲಿಲ್ಲ. ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಚಾಕ್‌ಪೀಸ್ ತಗೊಂಡು ಎಲ್ಲರೂ ಸೇರಿ ಬಿಡಿಸಿದೆವು. ವರ್ಗ ಪೂರ್ಣಗೊಳಿಸಿದರೆ ಶೃಂಗ ಇರೋದು (−ಬಿ/2, 1 − ಬಿ²/4)ರಲ್ಲಿ. ಎಕ್ಸ್ −ಬಿ/2 ಆದರೆ ಬಿ²/4 ಅನ್ನೋದು ಎಕ್ಸ್²ವೇ. ಹಾಗಾಗಿ ವೈ = 1 − ಎಕ್ಸ್². ವರ್ಗ ಪೂರ್ಣಗೊಳಿಸೋದು ಯಾಕೆ ಬೇಕು ಅಂತ ಆಮೇಲೆ ಆ ತರಗತಿಯಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರದು ಬೇರೆಯೇ ತಕರಾರು: "ಕಣ್ಣಿಗೆ ಕಂಡದ್ದನ್ನೇ ಮಕ್ಕಳು ಪುರಾವೆ ಅಂದ್ಕೋತಾರೆ ಕಣಮ್ಮ." ಹಳೇ ಕಾಲದವರ ಗೊಣಗಾಟ ಅಂದುಕೊಂಡಿದ್ದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಅನ್ನೋ ಪಾಠದಲ್ಲಿ ಅವರ ಮಾತು ನೆನಪಾಯಿತು. ದಶಮಾಂಶ ಬೇಡವೆಂದು ಅಳತೆಗಳನ್ನು ಪೂರ್ಣಾಂಕಕ್ಕೆ ಇಳಿಸಿಟ್ಟಿದ್ದೆ. ಪರದೆಯಲ್ಲಿ 60, 59, 60. "179 ಬಂತಲ್ಲ ಮಿಸ್?" ಒಳಗೆ ಇದ್ದದ್ದು 60.4, 59.4, 60.2ರ ಥರದ ಸಂಖ್ಯೆಗಳು. ಅದನ್ನು ವಿವರಿಸಿದ ಮೇಲೂ, ಸಮಾಂತರ ರೇಖೆ ಎಳೆದು ಸಾಧಿಸದೆ ಬೇರೆ ದಾರಿ ಇರಲಿಲ್ಲ. ನೂರು ತ್ರಿಭುಜ ಎಳೆದಾಡಿದರೂ ನೂರೊಂದನೆಯದಕ್ಕೆ ಖಾತ್ರಿ ಇಲ್ಲವಲ್ಲ.

ಈಗ ಸ್ಲೈಡರ್ ಮುಟ್ಟುವ ಮುಂಚೆ ಏನಾಗಬಹುದು ಅಂತ ಮಕ್ಕಳು ನೋಟ್ಸಿನಲ್ಲಿ ಬರೆಯಲೇಬೇಕು. ಬರೆಯದೆ ನೋಡಿದವರು ಎಲ್ಲದಕ್ಕೂ "ಗೊತ್ತಿತ್ತು ಮಿಸ್" ಅಂದುಬಿಡುತ್ತಾರೆ. ವಾರದ ಪಾಠಗಳಲ್ಲಿ ಒಂದೋ ಎರಡೋ ಇದಕ್ಕೆ, ಉಳಿದದ್ದೆಲ್ಲ ಬೋರ್ಡೇ. ಎರಡೂ ಅಕ್ಷಗಳ ಅಳತೆ 1:1 ಇಡೋದನ್ನು ಇವತ್ತಿಗೂ ಮರೆಯುತ್ತೇನೆ. ವೃತ್ತ ಮೊಟ್ಟೆಯಾಗಿ ಕಂಡ ಕೂಡಲೇ ಹಿಂದಿನ ಬೆಂಚಿನವರೇ ಕೂಗಿ ಹೇಳುತ್ತಾರೆ.